ಹಳದಿ ಬಣ್ಣದ ಅಡಿಯಲ್ಲಿ

ಸರಳು ನೇರ ತಲೆಯ ಮೇಲೇ ಬರುತ್ತಿತ್ತು!

ಬಗ್ಗಿದೆ. ಕಿವಿಯ ಪಕ್ಕ ಗಾಳಿ ಸುಂಯ್ ಎಂದಿತು. ಸರಳು ಗೋಡೆಗೆ ಬಡಿದು ಗಾರೆ ಉದುರಿತು. ಎರಡನೇ ಏಟಿಗೆ ನಾನು ಅವಕಾಶ ಕೊಡಲಿಲ್ಲ. ಮೊಣಕಾಲನ್ನು ಎಲ್ಲಿಗೆ ಕೊಡಬೇಕೋ ಅಲ್ಲಿಗೆ ಕೊಟ್ಟೆ.

ಆಸಾಮಿ ಮಡಿಸುವ ಕುರ್ಚಿಯಂತೆ ಮಡಿಸಿಕೊಂಡ.

ಗೋಲ್‌ಕೀಪರ್ ಆಗಿದ್ದವಳು ನಾನು. ಎದುರಿಗೆ ಬರುವುದನ್ನು ತಡೆಯುವುದು ಹಳೆಯ ಚಾಳಿ. ಮಂಡಿ ಸವೆದ ಮೇಲೆ ಆಟ ಬಿಟ್ಟೆ, ಟೀಮನ್ನು ಬಿಡಲಿಲ್ಲ. ಹೆಂಗಸರ ಟೀಮಿಗೆ ಬಸ್ಸಿನವನು ಕೈಕೊಟ್ಟರೆ, ಆಫೀಸಿನವನು ಸತಾಯಿಸಿದರೆ, ಹುಡುಗಿಯರ ಹಿಂದೆ ಪೋಲಿಗಳು ಬಿದ್ದರೆ... ಗೇಟಕ್ಕನಿಗೆ ಫೋನ್! ಗೇಟಕ್ಕ ಅಂದರೆ ನಾನೇ. ಗೇಟು ಹಾಕಿದೆನೆಂದರೆ ಇರುವೆಯೂ ನುಗ್ಗುವುದಿಲ್ಲವಂತೆ.

ಇರುವೆ ಹಾಳಾಗಲಿ. ಅವತ್ತು, ಮ್ಯಾಚಿನ ದಿನ ಬೆಳಿಗ್ಗೆ, ಲಾರಿಯೇ ನುಗ್ಗಿತ್ತು.

ಹಿಂದಿನ ಗೇಟಿನ ಬೀಗ ಒಡೆದಿತ್ತು. ಟೈರಿನ ಗುರುತು ಹಿಡಿದು ಹಳೇ ಗ್ಯಾಲರಿಯ ಕೆಳಗಿನ ಓಣಿಗೆ ಇಳಿದಿದ್ದೆ. ಅಲ್ಲಿ ಈ ಮಹಾಶಯ ಸರಳು ಹಿಡಿದು ಕಾಯುತ್ತಿದ್ದ.

"ಯಾರು ಕಳಿಸಿದ್ದು?"

"ಯಾರನ್ನೂ ಒಳಗೆ ಬಿಡಬೇಡ ಅಂದ್ರು... ಅಷ್ಟೇ ಗೊತ್ತು..."

"ಯಾರು ಅಂತ ಕೇಳಿದೆ!"

"ಕ್ಲಬ್ಬಿನ ಸೆಕ್ರೆಟರಿ ಸಾರ್!"

ಅವನ ಹಿಂದಕ್ಕೆ ಕಣ್ಣು ಹಾಯಿಸಿದೆ.

ಜಾಕಿಗಳು ಇರಲಿಲ್ಲ!

ಜಾಕಿ ಅಂದರೆ ತಿರುಪು ತಿರುಗಿಸಿ ಬಿಗಿ ಮಾಡುವ ಕಬ್ಬಿಣದ ಕಂಬ. ಆ ಗ್ಯಾಲರಿಯ ತೊಲೆ ಬಿರುಕು ಬಿಟ್ಟು ಎಷ್ಟೋ ಕಾಲವಾಗಿತ್ತು. ಜಾಕಿ ನಿಂತಿರುವ ತನಕ ಮೇಲೆ ಜನ ಕೂರಬಹುದು ಎಂದು ಎಂಜಿನಿಯರ್ ಹೇಳಿದ್ದ. ಈಗ ನೆಲದ ಮೇಲೆ ದುಂಡನೆಯ ಗುರುತುಗಳಷ್ಟೇ. ಮೂಲೆಯಲ್ಲಿ ಒಂದೆರಡು ಉಳಿದಿದ್ದವು, ಮುದುಕನ ಬಾಯಿಯ ಹಲ್ಲಿನಂತೆ.

ಮೇಲೆ ಧಡ್ ಧಡ್ ಹೆಜ್ಜೆ. ನಗು. ಪೀಪಿ. ಜನ ಬಂದು ಕೂರುತ್ತಿದ್ದರು. ಪ್ರತಿ ಹೆಜ್ಜೆಗೂ ಬಿರುಕಿನಿಂದ ಹಿಟ್ಟಿನಂತೆ ಧೂಳು ಉದುರುತ್ತಿತ್ತು...

"ಕಂಬ ತೆಗೆದವನು ಯಾರು?" ಅವನ ಕಾಲರ್ ಹಿಡಿದೆ.

ನೆಲದ ಮೇಲಿದ್ದವನು ನಕ್ಕ. ಹಲ್ಲಲ್ಲಿ ರಕ್ತ.

"ನಿನ್ನ ತಮ್ಮನೇ ಕಣೇ!"

ಆ ಸ್ಟೇಡಿಯಂ ನಮಗೆ ಬಂದ ಬಗೆ ಹೇಳಬೇಕು. ಗಂಡಸರ ಕ್ಲಬ್ಬಿಗೆ ಹೊಸದು ಕಟ್ಟಿದರು. ಗಾಜು, ಲಿಫ್ಟು, ಎಸಿ. ಹಳೆಯದನ್ನು ನಮ್ಮ ಕಡೆ ತಳ್ಳಿದರು. ಅಣ್ಣ ತೊಟ್ಟು ಬಿಟ್ಟ ಅಂಗಿ ತಂಗಿಗೆ! ಅದಕ್ಕೂ ಒಂದು ಕೊಕ್ಕೆ. ಕಟ್ಟಡ ಗಟ್ಟಿಯಿರುವ ತನಕ ಹೆಂಗಸರಿಗೆ. ಗಟ್ಟಿಯಿಲ್ಲ ಎಂದಾದ ದಿನ ಜಾಗ ಕ್ಲಬ್ಬಿಗೇ ವಾಪಸ್.

ನಾವು ಬಿಡುತ್ತೇವೆಯೇ? ಸಾಲು ಮೂತ್ರಿಗಳನ್ನು ಕಿತ್ತು ಬಾಗಿಲಿರುವ ಕಕ್ಕಸು ಕಟ್ಟಿದೆವು. ಡ್ರೆಸ್ಸಿಂಗ್ ರೂಮಿಗೆ ಒಳಚಿಲಕ ಹಾಕಿಸಿದೆವು. ಅಷ್ಟು ವರ್ಷ ಆ ಬಾಗಿಲಿಗೆ ಒಳಚಿಲಕವೇ ಇರಲಿಲ್ಲ! ಗಂಡಸರಿಗೆ ಬೇಕಾಗಿರಲಿಲ್ಲ. ಸಿಗರೇಟು ಮಾರುತ್ತಿದ್ದ ಮೂಲೆಯಲ್ಲಿ ಎಳೆಮಕ್ಕಳ ತಾಯಂದಿರಿಗೆ ಒಂದು ಕೋಣೆ. ಕೊನೆಗೆ ಬಣ್ಣ. ನಮ್ಮ ಟೀಮಿನ ಹಳದಿ. ಡ್ರಮ್ಮುಗಟ್ಟಲೆ ಬಣ್ಣ ಕಳಿಸಿದವನು ಕ್ಲಬ್ಬಿನ ಸೆಕ್ರೆಟರಿ. "ನಮ್ಮ ಕಡೆಯಿಂದ ಕಾಣಿಕೆ ಅಮ್ಮಾ. ಒಂದು ಕಂಬವನ್ನೂ ಬಿಡಬೇಡಿ, ಮದುವೆಮನೆ ಹಾಗೆ ಕಾಣಬೇಕು!"

ಹುಡುಗಿಯರು ಬಿಡಲಿಲ್ಲ. ಗ್ಯಾಲರಿಯ ಕೆಳಗಿನ ಕತ್ತಲಲ್ಲಿದ್ದ ಕಂಬಗಳಿಗೂ ಹಾಡು ಹೇಳುತ್ತ ಬಳಿದರು.

ಸರಳಿನವನನ್ನು ಓಣಿಯಿಂದ ಆಚೆಗೆ ಎಳೆದು ಹಾಕಿ ಓಡಿದೆ. ಸವೆದ ಮಂಡಿ ಚೀರಿತು. ಚೀರಲಿ!

ಹಿಂದಿನ ಗೇಟಿನಲ್ಲಿ ಲಾರಿ ಹೊರಟಿತ್ತು. ಫುಟ್‌ಬೋರ್ಡಿಗೆ ಹಾರಿ ಕಿಟಕಿಯಿಂದ ಕೈ ಹಾಕಿ ಸ್ಟೇರಿಂಗ್ ಎಳೆದೆ. ಲಾರಿ ಗೋಡೆ ಉಜ್ಜಿ ನಿಂತಿತು.

"ಸಾಯ್ತೀಯಾ ಅಕ್ಕಾ? ತಲೆಗಿಲೆ ಕೆಟ್ಟಿದೆಯಾ?"

ನನ್ನ ತಮ್ಮ. ಕಟ್ಟಡಕ್ಕೆ ಆಸರೆ ಕಂಬ ನಿಲ್ಲಿಸುವ ಸೆಂಟ್ರಿಂಗ್ ಮೇಸ್ತ್ರಿ. ಅಮ್ಮ ಹೋದಾಗ ಇನ್ನೂ ಅಂಬೆಗಾಲು. ಪ್ರಾಕ್ಟೀಸಿಗೆ ಸೊಂಟದ ಮೇಲೆ ಹೊತ್ತು ತಂದು, ಗೋಲಿನ ಹಿಂದೆ ಬಟ್ಟೆ ಹಾಸಿ ಮಲಗಿಸುತ್ತಿದ್ದೆ. ನೆಟ್ ಹರಿದಿತ್ತು. ನಾನು ಬಿಟ್ಟ ಬಾಲು ಮಗುವಿಗೇ ಬಡಿಯುತ್ತಿತ್ತು. ನಾನು ಹೇಗೆ ಅಂಥಾ ಕೀಪರ್ ಆದೆ ಎಂದು ಜನ ಕೇಳುತ್ತಾರೆ... ಹೀಗೇ ಆದೆ.

"ಜಾಕಿ ಯಾಕೋ ತೆಗೆದೆ?"

"ಸೆಕ್ರೆಟರಿ ಹೇಳಿದ್ರು. ಬರೀ ಅಲಂಕಾರಕ್ಕೆ ನಿಲ್ಸಿರೋದು, ಹೊಸ ಸ್ಟೇಡಿಯಂಗೆ ಬೇಕು, ನಿಮ್ಮಕ್ಕಂಗೂ ಗೊತ್ತು ಅಂತ. ಯಾಕೆ, ನಿಂಗೆ ಗೊತ್ತಿಲ್ವಾ?"

"ಅವನು ಹೇಳಿದ, ನೀನು ಕಿತ್ತೆ! ನೋಡಬಾರದಿತ್ತೇನೋ?"

"ನೋಡದೆ ಮುಟ್ತೀನಾ? ಭಾರ ಹೊತ್ತಿರೋ ಜಾಕಿಗೆ ಕೆಂಪು ಪಟ್ಟಿ ಬಳಿದಿರ್ತಾರೆ ಅಕ್ಕ. ಕೆಂಪು ಕಂಡ್ರೆ ನಮ್ಮಲ್ಲಿ ಕುಡುಕನೂ ಕೈ ಹಾಕಲ್ಲ. ಒಂದಕ್ಕೂ ಪಟ್ಟಿ ಇರಲಿಲ್ಲ! ತಿರುಪು ಬಿಗಿ ಇತ್ತು, ತುಕ್ಕು ಹಿಡಿದಿರಬೇಕು ಅಂದ್ಕೊಂಡೆ..."

ಲಾರಿಯ ಹಿಂದಕ್ಕೆ ಹೋಗಿ ಒಂದು ಜಾಕಿಯನ್ನು ಕೀಲಿಕೈಯಿಂದ ಕೆರೆದೆ. ಹಳದಿ ಸುರುಳಿಯಾಗಿ ಎದ್ದು ಬಂತು.

ಅಡಿಯಲ್ಲಿ ಕೆಂಪು.

ತಮ್ಮನ ಮುಖ ನೋಡಬಾರದಿತ್ತು ನೀವು. ನಾನು ನೋಡಿದೆ. ಈಗಲೂ ನೋಡುತ್ತಿದ್ದೇನೆ.

"ಮೇಲೆ ಜನ ಇದ್ದಾರಾ?" ಪಿಸುಗುಟ್ಟಿದ.

"ತುಂಬಿದೆ."

"ಆಳುಗಳನ್ನ ಮನೆಗೆ ಕಳಿಸಿಬಿಟ್ಟೆನಲ್ಲಕ್ಕಾ..." ಆ ಕ್ಷಣಕ್ಕೇ ಲಾರಿ ರಿವರ್ಸಿಗೆ ಹಾಕಿದ. "ನೀನು ಜನಾನ ಇಳಿಸು. ನಾನು ಒಂದೊಂದೇ ನಿಲ್ಲಿಸ್ತೀನಿ. ಫೋನ್ ಮಾಡ್ತೀನಿ, ಕಟ್ ಮಾಡ್ಬೇಡ."

"ಮರೀ, ಬೇಡ ಕಣೋ. ನಾನೂ ಬರ್ತೀನಿ."

"ನಿಂಗೆ ಜಾಕಿ ತಿರುಗ್ಸೋಕೆ ಬರುತ್ತಾ? ಇಲ್ಲ ತಾನೇ? ಹಂಗಾದ್ರೆ ನಿನ್ನ ಬಾಯಿ ಉಪಯೋಗಿಸು. ಅದು ಚೆನ್ನಾಗಿ ಬರುತ್ತೆ!"

ಆ ಹೊತ್ತಿನಲ್ಲೂ ಕೀಟಲೆ! ಓಣಿಯೊಳಗೆ ನುಗ್ಗಿದ.

ಅನೌನ್ಸರ್ ಕೈಯಿಂದ ವೈರ್‌ಲೆಸ್ ಮೈಕ್ ಕಿತ್ತುಕೊಂಡೆ. "ಗ್ಯಾಲರಿ ಖಾಲಿ ಮಾಡಿ! ಈಗಲೇ! ಬೀಳುತ್ತೆ!"

ಒಬ್ಬಳೂ ಅಲ್ಲಾಡಲಿಲ್ಲ.

"ಶುರುವಾಯ್ತು ನೋಡ್ರೇ!" ಮಧ್ಯದ ಸಾಲಿನಿಂದ ಒಬ್ಬಳ ದನಿ. "ಬಸ್ಸಲ್ಲಿ ಏಳಿ! ಊಟಕ್ಕೆ ಕೂತರೆ ಏಳಿ! ಇಲ್ಲೂ ಏಳಿ! ಏಳಲ್ಲ ಹೋಗಿ!"

ಗ್ಯಾಲರಿಗೆ ಗ್ಯಾಲರಿಯೇ ಚಪ್ಪಾಳೆ ತಟ್ಟಿತು. ಕಾಲಿಂದ ನೆಲ ಗುದ್ದಿತು. ನನ್ನ ಜೀವ ಬಾಯಿಗೆ ಬಂತು! ಆ ಹೆಂಗಸಿನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಎದುರುಗಡೆ, ನೆರಳಿನಲ್ಲಿ, ಸೋಫಾದ ಮೇಲೆ ಸೆಕ್ರೆಟರಿ. ಬಿಳಿ ಬೂಟು. ಮತ್ತೆ ಮತ್ತೆ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

ಮೈದಾನದ ನಡುವೆಯೇ ಓಡಿ ಅವನ ರಟ್ಟೆ ಹಿಡಿದೆ.

"ಬನ್ನಿ ಸಾರ್. ಇವತ್ತು ಜನರ ಜೊತೆ ಕೂತು ನೋಡಿ."

"ಇಲ್ಲಮ್ಮ... ಬಿಸಿಲು... ನನಗೆ ಬಿಪಿ..."

"ಒಂದೇ ನಿಮಿಷ ಕೂತ್ಕೊಳ್ಳಿ. ಫೋಟೋಗೆ!"

ದರದರ ಎಳೆದೆ. ಜನ ನಕ್ಕರು, ಶಿಳ್ಳೆ ಹಾಕಿದರು. ಗ್ಯಾಲರಿಯ ಮೊದಲ ಮೆಟ್ಟಿಲಿಗೆ ಅವನ ಕಾಲು ಸೋಕಿತು... ಅಷ್ಟೇ! ನನ್ನ ಕೈ ಕಚ್ಚಿದ. ಕೊಸರಾಡುತ್ತ ಕಿರುಚಿದ.

"ಬಿಡೇ! ಬೀಳುತ್ತೆ! ಕೆಳಗೆ ಕಂಬ ಇಲ್ಲ, ಬೀಳುತ್ತೆ!" ಒಂದು ಬೂಟು ಅಲ್ಲೇ ಬಿಟ್ಟು ಕಿತ್ತುಕೊಂಡು ಓಡಿದ.

ನನ್ನ ಇನ್ನೊಂದು ಕೈಯಲ್ಲಿ ಮೈಕಿತ್ತು. ಆನ್ ಆಗಿಯೇ ಇತ್ತು.

ಹೆಂಗಸರು ಎದ್ದರು. ಮಕ್ಕಳನ್ನು ಬಗಲಿಗೇರಿಸಿದರು. "ನೂಕಬೇಡ್ರೇ, ನೂಕಬೇಡಿ!" ನಮ್ಮ ಹುಡುಗಿಯರು ಬೂಟು ಕಾಲಲ್ಲೇ ಬಂದು ಕೈಸರಪಳಿ ಕಟ್ಟಿ ಒಬ್ಬೊಬ್ಬರನ್ನೇ ಇಳಿಸಿದರು. ಕೆಳಗೆ ಕಬ್ಬಿಣ ನರಳುವ ಸದ್ದು...

"ಆಯ್ತಾ ಅಕ್ಕಾ?" ಫೋನಿನಲ್ಲಿ ಏದುಸಿರು.

"ಮೇಲಿನ ಸಾಲಲ್ಲಿ ಒಬ್ಬರು ಅಜ್ಜಿ ಉಳಿದಿದ್ದಾರೆ. ಮಂಡಿ ಹಿಡ್ಕೊಂಡಿದೆ."

"ನಿಧಾನಕ್ಕೆ ಕರ್ಕೊಂಡು ಬಾ. ಗಾಬರಿ ಮಾಡ್ಬೇಡ, ಬಿದ್ದುಗಿದ್ದಾರು."

"ನೀನು ಆಚೆ ಬಾರೋ!"

"ಬಿಟ್ರೆ ತೊಲೆ ಇಳಿಯುತ್ತೆ ಅಕ್ಕ. ತಿರುಗಿಸ್ತಾನೇ ಇರ್ಬೇಕು. ಅಜ್ಜೀನ ಇಳಿಸು, ಆಮೇಲೆ ಬರ್ತೀನಿ."

ಅಜ್ಜಿಯನ್ನು ಬೆನ್ನ ಮೇಲೆ ಹಾಕಿಕೊಂಡೆ. "ಮ್ಯಾಚು ಇಲ್ವೇನಮ್ಮ?" ಎಂದು ಕಿವಿಯಲ್ಲಿ ಕೇಳುತ್ತಲೇ ಇದ್ದರು. ಹುಲ್ಲಿನ ಮೇಲೆ ಕಾಲಿಟ್ಟೆ. ಕೂಗಿದೆ, ಗಂಟಲು ಹರಿಯುವ ಹಾಗೆ.

"ಎಲ್ಲಾ ಇಳಿದ್ರು ಕಣೋ! ಬಾರೋ ಈಚೆಗೆ!"

"ಬಂದೆ ಅಕ್ಕ."

ನಮ್ಮ ಮಾತೇ ಹಾಗೆ. ಬಂದವನೂ ಬಂದೆ ಅನ್ನುತ್ತಾನೆ, ಇನ್ನೂ ಹೊರಡದವನೂ ಬಂದೆ ಅನ್ನುತ್ತಾನೆ. ನಾನು ಓಣಿಯ ಬಾಯಿಯನ್ನೇ ನೋಡುತ್ತ ನಿಂತಿದ್ದೆ.

ಮೊದಲು ಧೂಳು ಬಂತು. ಸದ್ದು ಆಮೇಲೆ.

ಅವನು ಬರಲಿಲ್ಲ.

ಕಾಂಕ್ರೀಟ್ ಸರಿಸಿ ಅವನನ್ನು ಹೊರಗೆ ತಂದಾಗ ಎರಡೂ ಕೈ ತಿರುಪಿನ ಹಿಡಿಯ ಮೇಲೇ ಇದ್ದವು. ಬಿಡಿಸಲು ಬೇರೆಯವರಿಂದ ಆಗಲಿಲ್ಲ. ನಾನೇ ಒಂದೊಂದೇ ಬೆರಳು ಬಿಡಿಸಿದೆ.

ಪತ್ರಿಕೆಯಲ್ಲಿ ದಪ್ಪಕ್ಷರ: "ಗ್ಯಾಲರಿ ಕುಸಿತ, ಪ್ರೇಕ್ಷಕರೆಲ್ಲ ಪಾರು." ಅದರಡಿ ಸಣ್ಣಕ್ಷರ: ಕಾರ್ಮಿಕನ ಅಜಾಗರೂಕತೆ. ಗೊತ್ತಾಯಿತೇ? ಸತ್ತವನೇ ಅಪರಾಧಿ! ತಮ್ಮನ ಹೆಂಡತಿ ಆ ಪತ್ರಿಕೆಯನ್ನು ನನ್ನ ಮುಂದೆ ಹಿಡಿದು ಒಂದೇ ಮಾತು ಕೇಳಿದಳು. "ನಿಜಾನಾ ಅತ್ತಿಗೆ? ಇವರದೇ ತಪ್ಪಾ?"

ಅವಳಿಗೆ ಉತ್ತರ ತರಲೆಂದೇ ಸ್ಟೇಷನ್ನಿಗೆ ಹೋದೆ.

ಸೆಕ್ರೆಟರಿ ಬೆಂಚಿನ ಮೇಲಿದ್ದ. ಹೊಸ ಬೂಟು ಬಂದಿತ್ತು. ನನ್ನನ್ನು ಕಂಡು ಕೈಮುಗಿದ.

"ಯಾರ ಜೀವಾನೂ ತೆಗೀಬೇಕು ಅಂತಿರಲಿಲ್ಲಮ್ಮ. ಖಾಲಿ ಗ್ಯಾಲರಿ ಒಂಚೂರು ಕುಸಿಯಬೇಕಿತ್ತು, ಅಷ್ಟೇ. ಹೆಂಗಸರ ಮ್ಯಾಚು... ಇಷ್ಟು ಜನ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?"

ಹೊಡೆಯಲಿಲ್ಲ. ಕೈ ಎತ್ತಿದ್ದೆ. ತಮ್ಮನ ಬೆರಳು ಬಿಡಿಸಿದ ಕೈ. ಇವನಿಗೆ ತಾಗಿಸಲು ಮನಸ್ಸು ಬರಲಿಲ್ಲ.

ಅವನ ವಕೀಲ ಮುಂದೆ ಬಂದು ಕನ್ನಡಕ ಸರಿಮಾಡಿಕೊಂಡ.

"ನೋಡಿಯಮ್ಮ, ಇದೆಲ್ಲ ಬರೀ ಮಾತು. ಕಂಬ ತೆಗೆದಿದ್ದು ನಿಮ್ಮ ತಮ್ಮ. ನಮ್ಮವರಿಗೆ ಮೊದಲೇ ಗೊತ್ತಿತ್ತು ಅನ್ನೋಕೆ ಕಿವಿಯಾರೆ ಕೇಳಿದ ಸಾಕ್ಷಿ ಬೇಕು. ಎಷ್ಟು ಜನ ಇದ್ದಾರೆ?"

"ಒಂದು ಗ್ಯಾಲರಿ ತುಂಬ," ಅಂದೆ. "ಒಬ್ಬ ಕಮ್ಮಿ."