ಹಗ್ಗ ಬಿಗಿದ ಪೆಟ್ಟಿಗೆ

ರಾಜಧಾನಿಯಲ್ಲಿ ಒಂಬತ್ತು ವರ್ಷ ಕಳೆದಿದ್ದರೂ ಅವಳ ಕೋಣೆಯ ಗೋಡೆಯಲ್ಲಿ ಒಂದು ಮೊಳೆಯೂ ಇರಲಿಲ್ಲ.

ಇದ್ದದ್ದು ಮಂಚದ ಕೆಳಗೆ, ಹಗ್ಗ ಬಿಗಿದ ಒಂದು ಪೆಟ್ಟಿಗೆ. ಅಂದು ಅವಳ ಕೋಣೆಯ ಜೊತೆಗಾತಿ ಬೇರೆಡೆಗೆ ಸಾಮಾನು ಸಾಗಿಸುತ್ತಿದ್ದಳು. ರೈಲು ಟಿಕೆಟ್ ಕೌಂಟರಿನ ಕೆಲಸ ಮುಗಿಸಿ ಬಂದ ಅವಳಿಗೆ, ಸಾಮಾನು ಸಾಗಿಸುವ ಲಾರಿಯಲ್ಲಿ ತನ್ನ ಪೆಟ್ಟಿಗೆ ಕಂಡಿತು.

“ರೀ, ಇಳಿಸಿ ಅದನ್ನ. ಅದು ನಂದು.”

ಲಾರಿಯ ಮೇಸ್ತ್ರಿ ತಿರುಗಿದ. “ಹಗ್ಗ ಕಟ್ಟಿದ್ದು ಲಾರಿಗೆ, ಕಟ್ಟದೆ ಇದ್ದದ್ದು ಮನೆಗೆ. ನಮ್ಮ ಕೆಲಸ ಇರೋದೇ ಹಾಗೆ. ಮನೇಲಿ ಇರೋರು ಯಾರಾದ್ರೂ ಸಾಮಾನು ಕಟ್ಟಿಡ್ತಾರಾ ಮೇಡಂ?”

ಅವಳು ಪೆಟ್ಟಿಗೆಯತ್ತ ಬೆರಳು ತೋರಿಸಿದಳು.

ಇಳಿಸುವಾಗ ಅವನ ಕೈ ಜಾರಿತು. ಒಳಗೆ ಏನೋ ಒಡೆದ ಸದ್ದು... “ಬಿಚ್ಚಿ ನೋಡಿ” ಎಂದ. ಅವಳು ನೋಡಲಿಲ್ಲ.

ಮರುವಾರ ಅವನು ಅವಳ ಕೌಂಟರಿನ ಸಾಲಿನಲ್ಲಿ ನಿಂತಿದ್ದ.

“ಎಲ್ಲಿಗೆ?”

“ಎಲ್ಲಿಗೂ ಇಲ್ಲ. ಏನು ಒಡೀತು ಅಂತ ಕೇಳಕ್ಕೆ ಬಂದೆ.”

ಹಾಗೆ ಶುರುವಾದ ಒಡನಾಟಕ್ಕೆ ವರ್ಷವಾಗಿತ್ತು. ಈಗ ಅವನು ಅವಳ ಬಾಗಿಲಲ್ಲಿದ್ದ. ಅವನ ಕಂಪನಿ ಅವನನ್ನು ಬೇರೆ ಊರಿನ ಶಾಖೆಗೆ ಕರೆದಿತ್ತು. ಸಂಜೆ ಐದರೊಳಗೆ ಉತ್ತರ ಹೇಳಬೇಕು. ಆಗಲೇ ನಾಲ್ಕೂವರೆ.

ಅವನ ಕಣ್ಣು ಮಂಚದ ಕೆಳಗೆ ಹೋಯಿತು.

“ಇನ್ನೂ ಕಟ್ಟೇ ಇದೆ. ಇವತ್ತಲ್ಲ ನಾಳೆ ಹೊರಡೋಳು ನೀನು. ಯಾರನ್ನ ನಂಬಿ ನಾನಿಲ್ಲಿರ್ಲಿ?”

“ನಿನಗೆ ಹಗ್ಗ ಬಿಟ್ಟು ಬೇರೇನೂ ಕಾಣಲ್ವಾ?”

“ನೂರಾರು ಮನೆ ಖಾಲಿ ಮಾಡಿಸಿದೀನಿ. ಹಗ್ಗ ಸುಳ್ಳು ಹೇಳಲ್ಲ.”

“‘ನಿನ್ನ ಮನೆ ಅಂತ ಒಂದಾದಾಗ ಬಿಚ್ಚು’ ಅಂತ ಕಟ್ಟಿಕೊಟ್ಟಿದ್ಲು ಅಮ್ಮ. ಈ ಊರನ್ನ ಹೇಗೆ ಮನೆ ಅನ್ನಲಿ? ಮೇಲಿನ ಮನೆ ಅಜ್ಜ ಸತ್ತಿದ್ದು ನಂಗೆ ಗೊತ್ತಾಗಿದ್ದು ‘ಬಾಡಿಗೆಗೆ ಇದೆ’ ಬೋರ್ಡ್ ನೋಡಿ. ಅಮ್ಮನ ಹತ್ರ ಹೋದ್ರೆ, ಮೂರನೇ ದಿನಕ್ಕೇ ಈ ಹಾಳು ಊರಿನ ಬಸ್ ಸದ್ದಿಲ್ಲದೆ ನಿದ್ದೆ ಬರಲ್ಲ...”

“ಹಾಗಾದ್ರೆ ನೀನು ಎಲ್ಲಿಯವಳು?”

ಅವಳು ಕಿಟಕಿಯ ಕಡೆ ತಿರುಗಿದಳು. ಅವನು ಮೆಟ್ಟಿಲಿಳಿಯತೊಡಗಿದ.

‘ಹೋಗಲಿ ಬಿಡು’ ಅಂದುಕೊಂಡಳು. ಅಂದುಕೊಳ್ಳುತ್ತಲೇ ಪೆಟ್ಟಿಗೆ ಎಳೆದಳು. ಹತ್ತು ವರ್ಷದ ಗಂಟು ಉಗುರಿಗೆ ಬಗ್ಗಲಿಲ್ಲ, ಹಲ್ಲಿಗೂ ಬಗ್ಗಲಿಲ್ಲ.

“ಮೇಸ್ತ್ರಿ, ಮೇಲೆ ಬಾ. ಗಂಟು ಬಿಚ್ಚಕ್ಕೆ ಆಗ್ತಿಲ್ಲ.”

ಹೆಜ್ಜೆ ನಿಂತಿತು. ಆಮೇಲೆ ಮೆಟ್ಟಿಲೇರಿ ಬಂತು.

ಅವನು ಗಂಟು ಮುಟ್ಟಲಿಲ್ಲ. ಅಡುಗೆಮನೆಯ ಚಾಕು ತಂದು ಅವಳ ಕೈಗಿಟ್ಟ.

“ನಾನು ಬಿಚ್ಚಿದ್ರೆ ನಾಳೆ ತಪ್ಪು ನನ್ನ ಮೇಲೆ ಹಾಕ್ತೀಯ. ನೀನೇ ಕೊಯ್ಯಿ.”

ಅವಳು ಕೊಯ್ದಳು.

“ಈ ಊರು ನಂಗೆ ಇಷ್ಟ ಇಲ್ಲ. ಆದ್ರೂ ಇಲ್ಲೇ ಇರ್ತೀನಿ. ನೀನೂ ಇರು.”

ಅವನು ಫೋನ್ ತೆಗೆದು, “ಬರಲ್ಲ ಸರ್” ಎಂದಷ್ಟೇ ಹೇಳಿ ಇಟ್ಟ.

“ಒಂದು ಮೊಳೆ ಹೊಡೀಲಾ ಗೋಡೆಗೆ?”

“ಮೊದಲು ಒಡೆದ ಚೂರು ಆರಿಸು. ಬೀಳಿಸಿದ್ದು ನೀನೇ.”

ಇಬ್ಬರೂ ನೆಲದ ಮೇಲೆ ಕೂತು ಅಮ್ಮ ಸುತ್ತಿಟ್ಟ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿದರು. ಆರು ಪಿಂಗಾಣಿ ಬಟ್ಟಲಲ್ಲಿ ಮೂರು ಒಡೆದಿದ್ದವು. ಒಂದು ತಟ್ಟೆಯೂ ಹೋಗಿತ್ತು.