ಹಲ್ಲಿನ ಗುರುತು ಬೀಳುವವರೆಗೆ

"ಮಸ್ಕಿ ಮೀನಿನ ಹಲ್ಲು ತಾಗೋವರೆಗೂ ಅದು ಬರೀ ಕಟ್ಟಿಗೆ" ಎನ್ನುತ್ತಿದ್ದ ಓರ್ವಿಲ್. ದೊಡ್ಡ ಮೀನನ್ನು ಸೆಳೆಯಲು ಗಾಳಕ್ಕೆ ಕಟ್ಟುವ ಮರದ ಮೀನುಗಳನ್ನು ಮೂವತ್ತು ವರ್ಷ ಕೆತ್ತಿದವನು ಈಗ ಉಸಿರು ಸೋತು ಹಾಸಿಗೆ ಹಿಡಿದಿದ್ದ. ಕೊನೆಯದಾಗಿ ಕೆತ್ತಿದ್ದು ಗೇಣುದ್ದದ ಕಂದು ಮೀನು. ಅದು ಮೀನೋ ಕಟ್ಟಿಗೆಯೋ ತಿಳಿದೇ ಕಣ್ಣು ಮುಚ್ಚಬೇಕೆಂದು ಅವನ ಹಟ. ಇನ್ನು ಕೆಲವೇ ದಿನ ಎಂದಿದ್ದಳು ದಾದಿ. ಟ್ಯಾಮರಾಕ್ ಸರೋವರ ಹೆಪ್ಪುಗಟ್ಟುವುದಕ್ಕೂ ಅಷ್ಟೇ ದಿನ ಉಳಿದಿತ್ತು.

ನವೆಂಬರಿನ ಕೊನೆಯ ವಾರ ಅವನ ಹೆಂಡತಿ ವರ್ನಾ, ಅವನ ತಮ್ಮ ಡೆಲ್ಮರ್ ಆ ಮರದ ಮೀನು ಹಿಡಿದು ದೋಣಿ ಇಳಿಸಿದರು. ಯಾರೂ ಕರೆಯದಿದ್ದರೂ ಪಕ್ಕದ ಮನೆಯ ಆಗ್ನೆಸ್ ಹೆಣಿಗೆ ಹಿಡಿದು ಬಂದು ರೋಗಿಯ ಬಳಿ ಕೂತಿದ್ದಳು.

ದಡದ ಮರಗಳು ಎಲೆ ಉದುರಿಸಿ ಎಲುಬಿನಂತೆ ನಿಂತಿದ್ದವು. ನೀರಿಗೆ ಸೀಸದ ಬಣ್ಣ. ಹಕ್ಕಿಗಳೆಲ್ಲ ದಕ್ಷಿಣಕ್ಕೆ ಹೋಗಿಯಾಗಿತ್ತು. ಕಿರಿದಾದ ಬಾಯಿ ದಾಟಿ ಸರೋವರದ ಉತ್ತರದ ಕೊಲ್ಲಿಯೊಳಗೆ ಬಂದಾಗ, ದೋಣಿಯ ಅಂಚಿಗೆ ತಾಗಿದ ಹನಿ ಅಲ್ಲೇ ಗಾಜಾಗುತ್ತಿತ್ತು.

ಡೆಲ್ಮರ್ ಗಾಳ ಎಸೆದ, ಎಳೆದ, ಮತ್ತೆ ಎಸೆದ. ಮೂರು ತಾಸು ಕಳೆದರೂ ಒಂದು ನೆರಳೂ ಕಾಣಲಿಲ್ಲ.

"ಇದೇನು ಜುಲೈ ತಿಂಗಳಾ? ನಿನ್ನ ಹಿಂದೆ ಪೊಲೀಸ್ ಬಿದ್ದಿರೋ ಹಾಗೆ ಎಳೀತೀಯಲ್ಲ!" ಎಂದಳು ವರ್ನಾ.

"ಬೇಸಿಗೇಲಿ ಹೀಗೇ ಎಳೆದು ಹನ್ನೊಂದು ಹಿಡಿದೆ, ಅತ್ತಿಗೆ."

"ಬೇಸಿಗೇಲಿ ಅದು ಅಟ್ಟಿಸ್ಕೊಂಡು ಬರತ್ತೆ. ಈಗ ಅದಕ್ಕೂ ನನ್ನ ಹಾಗೆ ಮೊಣಕಾಲು ನೋವು. ಕೊಡು ಇಲ್ಲಿ."

ಅವಳು ಒಮ್ಮೆ ಎಳೆದು ನಿಲ್ಲಿಸಿದಳು. ಎಷ್ಟು ಹೊತ್ತು ಕಾಯಬೇಕೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಎರಡು ತಿಂಗಳಿಂದ ಗಂಡನ ಒಂದು ಉಸಿರಿನಿಂದ ಇನ್ನೊಂದಕ್ಕೆ ಕಾದು ಕಾದು ಅಭ್ಯಾಸವಾಗಿತ್ತು. ಅಷ್ಟೇ ಹೊತ್ತು ಕಾದು ಮತ್ತೆ ಎಳೆದಳು. ಮರದ ಮೀನು ಪಕ್ಕಕ್ಕೆ ಜಾರಿ, ಸಾಯುತ್ತಿರುವ ಮೀನಿನಂತೆ ತೇಲಿ ನಿಂತಿತು.

ಅದರ ಹಿಂದೆ ನೀರು ಕಪ್ಪಾಯಿತು.

"ಅತ್ತಿಗೆ..." ಡೆಲ್ಮರ್ ಪಿಸುಗುಟ್ಟಿದ.

"ಉಸಿರೆತ್ತಬೇಡ."

ಮರದ ಮೀನು ದೋಣಿಯ ಬದಿಗೆ ಬಂದರೂ ಅವಳು ದಾರ ಎತ್ತಲಿಲ್ಲ. ಗಾಳದ ಕೋಲಿನ ತುದಿಯನ್ನು ನೀರಲ್ಲಿ ಅದ್ದಿ ದೊಡ್ಡದೊಂದು ಸುತ್ತು ನಿಧಾನವಾಗಿ ತಿರುಗಿಸಿದಳು. ಎರಡನೆಯ ಸುತ್ತಿಗೆ ಬಿಳಿ ಬಾಯಿ ತೆರೆಯಿತು.

ಕೋಲು ಬಾಗಿತು. ದೋಣಿ ವಾಲಿತು. ಡೆಲ್ಮರ್ ಬಲೆ ತೂರಿಸಿ, ಬಾಗಿ ಮರದ ಮೀನಿಗೆ ಕೈ ಹಾಕಿದ. ಮಸ್ಕಿ ತಲೆ ಕೊಡವಿತು.

ಅವನು ಚೀರಿದ. ಮರದ ಮೀನಿನ ಮುಂದಿನ ಮುಳ್ಳು ಮಸ್ಕಿಯ ದವಡೆಯಲ್ಲಿ, ಹಿಂದಿನದು ಅವನ ಅಂಗೈಯಲ್ಲಿ. ಅದು ಹೊರಳಿದಷ್ಟೂ ಕೈ ಹರಿಯುತ್ತಿತ್ತು.

ವರ್ನಾ ತಂತಿ ಕತ್ತರಿಸುವ ಕಟರ್ ಹಿಡಿದು ಮೊಣಕಾಲೂರಿದಳು. ಬೆರಳುಗಳು ಮರಗಟ್ಟಿದ್ದವು.

"ಮೊದಲು ಮೀನಿಂದು!" ಹಲ್ಲು ಕಚ್ಚಿ ಅಂದ ಡೆಲ್ಮರ್. "ಅದು ಹೋದ್ರೆ ನಾನು ಉಳೀತೀನಿ."

ಟಕ್. ಇನ್ನೊಮ್ಮೆ ಟಕ್. ಬಲೆ ತಗ್ಗಿಸಿದಳು. ಅವಳ ಕಾಲಿಗಿಂತ ಉದ್ದದ ಮೀನು ಅರೆಗಳಿಗೆ ನಿಂತು, ಬಾಲ ಬೀಸಿ ತಳಕ್ಕಿಳಿಯಿತು. ಆಮೇಲೆ ಅಂಗೈಯ ಮುಳ್ಳು.

"ಅಳಬೇಕಂದ್ರೆ ಅಳು. ಕೇಳೋಕೆ ಇಲ್ಲಿ ಬಾತುಕೋಳಿನೂ ಇಲ್ಲ."

"ಅಳೋದಿಲ್ಲ. ಬೈತೀನಿ" ಎಂದು ಅವನು ಮನಸಾರೆ ಬೈದ. ಅವಳು ಮುಳ್ಳನ್ನು ಆಚೆ ಬದಿಗೆ ದೂಡಿ, ಮೊನೆ ಕತ್ತರಿಸಿ ಹಿಂದಕ್ಕೆಳೆದಳು. ತನ್ನ ಸ್ಕಾರ್ಫ್ ಬಿಚ್ಚಿ ಕೈಗೆ ಸುತ್ತಿದಳು.

ಹಿಂದಿರುಗುವಾಗ ಕೊಲ್ಲಿಯ ಬಾಯಿ ಹೆಪ್ಪುಗಟ್ಟಿತ್ತು. ವರ್ನಾ ಮೋಟರ್ ಹಿಡಿದಳು. ಡೆಲ್ಮರ್ ಒಂದೇ ಕೈಯಲ್ಲಿ ಹುಟ್ಟು ಎತ್ತಿ ಎತ್ತಿ ಬಡಿದ. ಮಂಜುಗಡ್ಡೆ ಒಡೆದು ದೋಣಿಯ ಪಕ್ಕೆ ಕೆರೆಯಿತು. ಎರಡು ಸಲ ಮೋಟರ್ ನಿಂತಿತು. ಒಂದು ಮೈಲಿಗೆ ಎರಡು ತಾಸು ಹಿಡಿಯಿತು. ಡೆಲ್ಮರ್ ತನ್ನ ಒಣ ಕೈಗವಸನ್ನು ಅವಳ ಮಡಿಲಿಗೆ ಹಾಕಿದ್ದ.

ಮನೆಯಲ್ಲಿ ಆಗ್ನೆಸ್ ಸೂಪು ಬಿಸಿಗಿಟ್ಟಿದ್ದಳು. ಡೆಲ್ಮರನ ಕೈ ನೋಡಿದವಳೇ ಅವನನ್ನು ಕಾರಿಗೆ ಹತ್ತಿಸಿ ವೈದ್ಯರಲ್ಲಿಗೆ ಕರೆದೊಯ್ದಳು.

ವರ್ನಾ ಮರದ ಮೀನನ್ನು ಗಂಡನ ಅಂಗೈಗಿಟ್ಟಳು. ಬಣ್ಣ ಸೀಳಿ ಮರದೊಳಗಿಳಿದ ಗೀರುಗಳ ಮೇಲೆ ಅವನ ಹೆಬ್ಬೆರಳು ಮೆಲ್ಲಗೆ ಓಡಿತು, ಒಂದೊಂದನ್ನೂ ಎಣಿಸುವಂತೆ.

"ಬಾಲದಲ್ಲಿ ಸೀಸದ ತೂಕ ಹೆಚ್ಚಾಯ್ತಾ?"

"ಇಲ್ಲ. ಸರಿಯಾಗೇ ನಿಲ್ತಿತ್ತು."

ಅವನು ಮರದ ಮೀನನ್ನು ಎದೆಯ ಮೇಲಿಟ್ಟುಕೊಂಡ.

"ವಸಂತಕ್ಕೆ ಇಷ್ಟು ದೊಡ್ಡದು ಬೇಡ ವರ್ನಾ. ಮಸ್ಕಿ ಮೊಟ್ಟೆ ಇಟ್ಟು ದಣಿದಿರತ್ತೆ. ಇದರ ಅರ್ಧ ಸಾಕು, ಹೊಟ್ಟೆ ತೆಳ್ಳಗಿರ್ಲಿ. ಪೆನ್ಸಿಲ್ ತಗೋ, ಅಳತೆ ಹೇಳ್ತೀನಿ."

ವಸಂತಕ್ಕೆ ಇನ್ನೂ ಐದು ತಿಂಗಳಿತ್ತು. ಅವಳು ಕುರ್ಚಿ ಹತ್ತಿರಕ್ಕೆಳೆದು ಬರೆದುಕೊಳ್ಳತೊಡಗಿದಳು.