ಹಿಂದಿನ ಕನ್ನಡಿಯಲ್ಲಿ ಕಂಡವನು

ಕಂಪ್ಯೂಟರ್ ಅವಳನ್ನು ನಡೆಯುವ ಗುಂಪಿಗೆ ಹಾಕಿತು, ಅವನನ್ನು ಓದುವ ಗುಂಪಿಗೆ. ಯಂತ್ರಕ್ಕೆ ಕಣ್ಣಿಲ್ಲ ಎನ್ನುವುದು ಇಂಥದ್ದಕ್ಕೇ.

ಇಬ್ಬರಿಗೂ ಬಂದದ್ದು ಕರುಳಿನ ಕ್ಯಾನ್ಸರ್. ಇಬ್ಬರಿಗೂ ಆಪರೇಷನ್ ಆಗಿತ್ತು, ಕೀಮೋ ಮುಗಿದಿತ್ತು, ಬೆರಳ ತುದಿಗೆ ಹಿಡಿದ ಜೋಮು ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಚಿಕಿತ್ಸೆ ಮುಗಿಸಿದವರು ತಪ್ಪದೆ ಬಿರಬಿರನೆ ನಡೆದು ಬೆವರಿಳಿಸಿದರೆ ಕಾಯಿಲೆ ಮತ್ತೆ ಬರುವುದು ಕಡಿಮೆಯಾದೀತೇ ಎಂದು ತಿಳಿಯಲು ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಅರ್ಧ ಜನಕ್ಕೆ ವ್ಯಾಯಾಮದ ಪಾಠ, ಇನ್ನರ್ಧ ಜನಕ್ಕೆ ಆರೋಗ್ಯದ ಬಗ್ಗೆ ಒಂದು ಪುಟ್ಟ ಪುಸ್ತಕ. ಯಾರಿಗೆ ಯಾವುದು ಎನ್ನುವುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರೇ ಹೇಳುತ್ತಿತ್ತು.

"ನನಗೆ ಪುಸ್ತಕ ಬಿತ್ತು," ಪಕ್ಕದ ಕುರ್ಚಿಯವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಮುಖಪುಟದಲ್ಲಿ ಒಬ್ಬ ಓಡ್ತಿದಾನೆ. ನಾನು ಕೂತ್ಕೊಂಡು ಅವನನ್ನ ನೋಡ್ತಿರಬೇಕು, ಅಷ್ಟೇ."

ಅವಳಿಗೆ ಕಿಸಕ್ಕನೆ ನಗು ಬಂತು. ಆ ಕಾರಿಡಾರಿನಲ್ಲಿ ಯಾರೂ ನಗುತ್ತಿರಲಿಲ್ಲವಾದ್ದರಿಂದ ಅದು ಇನ್ನಷ್ಟು ದೊಡ್ಡದಾಗಿ ಕೇಳಿಸಿತು.

ಅಧ್ಯಯನ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಕನ್ನಡಕದ ಮೇಲಿಂದ ಇಬ್ಬರನ್ನೂ ದಿಟ್ಟಿಸಿದರು. "ನಿಮ್ಮನ್ನ ನಡೀಬೇಡಿ ಅಂತ ಯಾರೂ ಕಟ್ಟಿಹಾಕಲ್ಲ, ಸರ್. ಹೇಗಿದ್ರೋ ಹಾಗೇ ಇರಿ. ಆದ್ರೆ ನಾನು ಕೇಳಿದಾಗ ಇಬ್ಬರೂ ನಿಜ ಹೇಳಬೇಕು. ಸುಳ್ಳು ಹೇಳಿದ್ರೆ ನಮ್ಮ ಕೆಲಸವೆಲ್ಲ ಹಳ್ಳ ಹಿಡಿಯತ್ತೆ."

ಅವಳು ಕಾರು ಕಲಿಸುವವಳು. ತನ್ನ ಕಾಲ ಕೆಳಗೂ ಒಂದು ಬ್ರೇಕ್ ಇಟ್ಟುಕೊಂಡು, ಪಕ್ಕದ ಸೀಟಿನಲ್ಲಿ ಕೂತು, ಊರಿನ ಎಷ್ಟೋ ಜನರ ಪ್ರಾಣ ಉಳಿಸಿದವಳು. ಶಿಷ್ಯರು ಇಟ್ಟ ಹೆಸರು ಬ್ರೇಕಕ್ಕ. ರಸ್ತೆಯಲ್ಲಿ ಲಾರಿ ಡ್ರೈವರಿಗೂ ಸೊಪ್ಪು ಹಾಕದ ಬ್ರೇಕಕ್ಕನಿಗೆ ಮನೆಯಲ್ಲಿ ಮಾತ್ರ ಬೇರೆಯದೇ ಪಾಡು. ಅಲ್ಲಿ ಬ್ರೇಕು ಅಣ್ಣನ ಕಾಲ ಕೆಳಗಿತ್ತು.

ಕೀಮೋ ಶುರುವಾದ ಮೇಲೆ ಅಣ್ಣ ಅವಳನ್ನು ತನ್ನ ಮನೆಗೆ ಕರೆತಂದಿದ್ದ. ಅತ್ತಿಗೆ ಮಂಚದ ಪಕ್ಕದಲ್ಲಿ ಒಂದು ಗಂಟೆ ಇಟ್ಟಿದ್ದಳು. ನೀರು ಬೇಕಾದರೂ ಬಾರಿಸಬೇಕು. ಕಾರಿಗೆ ಹೊದಿಕೆ ಹಾಕಿದ್ದರು, ಅವಳಿಗೂ ಹೊದಿಸಿದ್ದರು.

"ನಡೀಬೇಕಂತೆ ಅಣ್ಣ," ಎಂದಾಗ ಅಣ್ಣನ ಮುಖ ಸಪ್ಪಗಾಯಿತು.

"ನಿನಗೇನು ತಲೆ ಕೆಟ್ಟಿದೆಯಾ? ರೆಸ್ಟ್ ತಗೋಬೇಕು. ನಿನ್ನ ಜೀವ ಉಳಿಸ್ಕೊಳ್ಳೋಕೆ ನಾವೆಷ್ಟು ಒದ್ದಾಡಿದೀವಿ ಗೊತ್ತಾ?"

"ಗೊತ್ತು. ಉಳಿದಿದೆ. ಅದಕ್ಕೇ ಅದನ್ನ ಸ್ವಲ್ಪ ಹೊರಗೆ ಕರ್ಕೊಂಡು ಹೋಗ್ತೀನಿ."

ಹಾಗೆಂದು ಶೂ ಲೇಸು ಕಟ್ಟಿದಳು. ಜೋಮು ಹಿಡಿದ ಬೆರಳಿಗೆ ಲೇಸು ಸಿಕ್ಕದೆ ಸತಾಯಿಸಿತು. ಅತ್ತಿಗೆ ಕಟ್ಟಿಕೊಡಲು ಬಗ್ಗಿದರೆ ಕಾಲು ಹಿಂದಕ್ಕೆಳೆದುಕೊಂಡಳು. ಅಣ್ಣನ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ದಿಂಬಿನ ಕೆಳಗಿಟ್ಟು ಕಾಯುವ ಪ್ರೀತಿ ಇದೆಯಲ್ಲ, ಅದರಲ್ಲಿ ಉಸಿರಾಡಲು ಜಾಗವಿರುವುದಿಲ್ಲ.

ಅವಳು ನಡೆಯುವ ದಾರಿ ಆಸ್ಪತ್ರೆಯ ಹಿಂದಿನ ಗೇಟಿನಿಂದ ಶುರುವಾಗಿ, ಶಾಲೆಯ ಗೋಡೆಗುಂಟ ಸಾಗಿ, ರೈಲು ಹಳಿಯ ಮೇಲಿನ ಕಬ್ಬಿಣದ ಸೇತುವೆ ಹತ್ತಿ ಇಳಿಯುತ್ತಿತ್ತು. ಕೆಲವು ದಿನ ಕಳೆದ ಮೇಲೆ ಹಿಂದೆ ಯಾರೋ ಬರುತ್ತಿರುವ ಸದ್ದು ಕೇಳಿಸಿತು. ಅವಳು ನಿಂತರೆ ಸದ್ದೂ ನಿಲ್ಲುತ್ತಿತ್ತು. ಸೇತುವೆಯ ಮೆಟ್ಟಿಲ ಬಳಿ ಗಕ್ಕನೆ ತಿರುಗಿದಳು.

"ಏನ್ರೀ, ಹಿಂದೆ ಬರೋ ಗಾಡಿ ಒಂದೋ ಓವರ್‌ಟೇಕ್ ಮಾಡಬೇಕು, ಇಲ್ಲಾ ದೂರ ಇರಬೇಕು. ಹೀಗೆ ಬೆನ್ನು ಹಿಡಿದು ಬಂದ್ರೆ ಪೊಲೀಸರನ್ನ ಕರೀತೀನಿ!"

"ಅಯ್ಯೋ, ನಾನು ರೀ... ಓದೋ ಗುಂಪು."

ಕೈಯಲ್ಲಿ ಸಾಕ್ಷಿಗೆಂಬಂತೆ ಅದೇ ಪುಸ್ತಕ. ಅವಳ ಕೋಪ ಅರ್ಧಕ್ಕೆ ಇಳಿಯಿತು.

"ಓದೋ ಗುಂಪಿನವರಿಗೆ ಇಲ್ಲೇನು ಕೆಲಸ?"

"ಪುಸ್ತಕ ಓದಿ ಮುಗಿಸಿದೆ."

ಇಷ್ಟು ಮುಗ್ಧವಾಗಿ ಕಳ್ಳತನ ಒಪ್ಪಿಕೊಂಡವನನ್ನು ಅವಳು ಕಂಡಿರಲಿಲ್ಲ. ಅವನು ಲಿಫ್ಟ್ ರಿಪೇರಿ ಮಾಡುವವನಂತೆ. "ಮೆಟ್ಟಿಲಿಗೂ ನನಗೂ ಮೊದಲಿಂದ ಆಗಿಬರಲ್ಲ. ಅದನ್ನ ಜನ ಹತ್ತೋಕೆ ಶುರು ಮಾಡಿದ್ರೆ ನನ್ನ ಹೊಟ್ಟೆಪಾಡು ಏನಾಗಬೇಕು?" ಎಂದು ಸೇತುವೆಯನ್ನು ಶತ್ರುವನ್ನು ನೋಡುವಂತೆ ನೋಡಿದ. ಆಮೇಲೆ ಅದನ್ನು ಹತ್ತಿದ. ಅವಳ ಹಿಂದೆಯೇ.

ಅಂದಿನಿಂದ ಅದೇ ಅಭ್ಯಾಸವಾಯಿತು. ಅವಳು ಮುಂದೆ, ಅವನು ಹಿಂದೆ. ಪಕ್ಕಕ್ಕೆ ಬನ್ನಿ ಎಂದರೆ, "ನಾನು ಬೇರೆ ಗುಂಪಿನವನು, ಸಿಸ್ಟರ್ ಬೈತಾರೆ," ಎನ್ನುತ್ತಿದ್ದ. ಹೆಗಲ ಮೇಲಿಂದ ಕೂಗಿ ಮಾತಾಡಿ ಅವಳ ಗಂಟಲು ಕಟ್ಟುತ್ತಿತ್ತು. ಇದಕ್ಕೊಂದು ದಾರಿ ಮಾಡಲೇಬೇಕೆಂದು, ಕಾರಿನ ಗಾಜಿಗೆ ಕಲಿಸುವವರಿಗೆಂದೇ ಅಂಟಿಸುವ ಪುಟ್ಟ ಕನ್ನಡಿಯನ್ನು ಕಿತ್ತು ತಂದಳು. ಅಂಗೈಯಲ್ಲಿ ಹಿಡಿದು ನಡೆದರೆ ಅವನ ಮುಖ ಅದರಲ್ಲಿ ಕುಣಿಯುತ್ತಾ ಬರುತ್ತಿತ್ತು.

ಆ ಕನ್ನಡಿಯಲ್ಲಿ ಅವಳು ಏನೇನೆಲ್ಲ ನೋಡಿದಳು! ಅವಳು ನೋಡುತ್ತಿಲ್ಲ ಎಂದುಕೊಂಡಾಗ ಅವನು ಅವಳ ಜಡೆಯ ತುದಿಯನ್ನೇ ನೋಡುತ್ತಿದ್ದ. ನೋಡುತ್ತಿದ್ದಾಳೆ ಎಂದು ತಿಳಿದೊಡನೆ ಶಾಲೆಯ ಗೋಡೆಯನ್ನು ಪರೀಕ್ಷಿಸುತ್ತಿದ್ದ. ಒಮ್ಮೆ ಇಬ್ಬರ ಕಣ್ಣೂ ಕನ್ನಡಿಯೊಳಗೇ ಸೇರಿಬಿಟ್ಟವು. ಅವನು ಹುಬ್ಬು ಹಾರಿಸಿದ. ಅವಳು ಕನ್ನಡಿಯನ್ನು ಜೇಬಿಗೆ ತುರುಕಿ, ಸೇತುವೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಎದೆಬಡಿತ ಹೆಚ್ಚಿಸಿಕೊಳ್ಳಿ ಎಂದು ಸಿಸ್ಟರ್ ಹೇಳಿದ್ದು ಇದನ್ನೇ ಏನೋ.

ಅವನು ಪಕ್ಕದಲ್ಲಿರಬೇಕು ಎನ್ನುವ ಆಸೆ ಅವಳಿಗೆ ಹೊಟ್ಟೆ ಹಸಿವಿನಂತೆ ಶುರುವಾಯಿತು. ಕಾಯಿಲೆಯ ನಂತರ ಅವಳು ತನಗಾಗಿ ಏನನ್ನೂ ಕೇಳಿರಲಿಲ್ಲ. ಈಗ ಕೇಳಬೇಕಿತ್ತು.

ಒಂದು ಸಂಜೆ ಸೇತುವೆಯ ನಡುವೆ ಹೇಳದೆ ಕೇಳದೆ ನಿಂತುಬಿಟ್ಟಳು. ಅವನು ಬಂದು ಢಿಕ್ಕಿ ಹೊಡೆದ. ಬೀಳದಂತೆ ಅವಳ ತೋಳು ಹಿಡಿದ. ಮುಖ ಮುಖಕ್ಕೆ ಹತ್ತಿರವಿತ್ತು, ಕೆಳಗೆ ಹಳಿ ಖಾಲಿಯಿತ್ತು, ಊರಿಗೆ ಊರೇ ಉಸಿರು ಹಿಡಿದಂತಿತ್ತು. ಸರಿಯಾಗಿ ಆಗಲೇ ಅವನ ಅಂಗಿಯೊಳಗಿಂದ ಗುಳುಗುಳು ಎಂದು ಒಂದು ದೀರ್ಘವಾದ ಸದ್ದು ಹೊರಟಿತು.

ಅವನ ಮುಖದ ಬಣ್ಣ ಇಳಿದುಹೋಯಿತು. "ಕ್ಷಮಿಸಿ," ಎಂದವನೇ ತಿರುಗಿ, ಮೆಟ್ಟಿಲಿಳಿದು ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಕನ್ನಡಿ ಬರಿದಾಗಿತ್ತು.

ಅವಳಿಗೆ ಆ ಸದ್ದು ಏನೆಂದು ಚೆನ್ನಾಗಿ ಗೊತ್ತಿತ್ತು. ಹೊಟ್ಟೆಯ ಪಕ್ಕದಲ್ಲಿ ಕರುಳಿಗೊಂದು ಬಾಯಿ ಮಾಡಿ, ಅಲ್ಲಿಗೆ ಚೀಲ ಅಂಟಿಸುತ್ತಾರೆ. ಅದಕ್ಕೆ ಹೊತ್ತುಗೊತ್ತು ಎಂಬುದಿಲ್ಲ. ಹಾಗಾದರೆ ಗುಂಪು, ಸಿಸ್ಟರ್ ಎಲ್ಲ ಬರೀ ನೆಪ. ಇಷ್ಟು ದಿನ ಅವನು ಹಿಂದೆ ಉಳಿದದ್ದು ಇದಕ್ಕೆ! ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಮೈ ಉರಿಯುವಷ್ಟು ಸಿಟ್ಟು.

ಊರಿನ ಹಳೆಯ ಎತ್ತರದ ಕಚೇರಿ ಕಟ್ಟಡದಲ್ಲಿ ಕೆಲಸವಿದೆ ಎಂದು ಅವನು ಹೇಳಿದ್ದ. ಅಲ್ಲಿಗೇ ಹೋದಳು. ಲಿಫ್ಟಿನ ಬಾಗಿಲಿಗೆ 'ರಿಪೇರಿಯಲ್ಲಿದೆ' ಎಂಬ ಬೋರ್ಡು. ರಿಪೇರಿ ಮಾಡುವವನು ತುತ್ತತುದಿಯ ಯಂತ್ರದ ಕೋಣೆಯಲ್ಲಿದ್ದಾನೆ ಎಂದು ಕಾವಲುಗಾರ ಹೇಳಿದ. "ಸಂಜೆಗೆ ಇಳೀತಾರೆ ಮೇಡಂ, ಕೂತಿರಿ."

"ಕೂತು ಕೂತು ಸಾಕಾಗಿದೆ," ಎಂದು ಅವಳು ಮೆಟ್ಟಿಲಿಗೆ ಕಾಲಿಟ್ಟಳು.

ಮೊದಲ ಅಂತಸ್ತುಗಳು ಬೈಗುಳದಲ್ಲಿ ಕಳೆದವು. ಮಧ್ಯದಲ್ಲಿ ತೊಡೆ ನಡುಗಿತು, ಆಪರೇಷನ್ನಿನ ಗಾಯದ ಗುರುತು ಚುರ್ರೆಂದಿತು. ಕಂಬಿ ಹಿಡಿದು ನಿಂತು, ಅಣ್ಣ ಈಗ ನೋಡಿದರೆ ಎದೆ ಒಡೆದುಕೊಳ್ಳುತ್ತಾನೆ ಎಂದುಕೊಂಡು ಮತ್ತೆ ಹತ್ತಿದಳು. ಮಂಚ ಇಳಿಯಲು ಗಂಟೆ ಬಾರಿಸುತ್ತಿದ್ದವಳು ತಾನೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ಯಂತ್ರದ ಕೋಣೆಯಲ್ಲಿ ಗ್ರೀಸಿನ ವಾಸನೆ. ಅವನು ನೆಲದ ಮೇಲೆ ಕೂತು, ಜೋಮಿನ ಬೆರಳಿಂದ ಜಾರಿದ ಸ್ಕ್ರೂ ಹುಡುಕುತ್ತಿದ್ದ. ಅವಳನ್ನು ಕಂಡು ಗಾಬರಿಯಿಂದ ಎದ್ದ.

"ಅಲ್ರೀ, ಇಷ್ಟೂ ಹತ್ತಿ ಬಂದ್ರಾ? ಲಿಫ್ಟ್ ಆನ್ ಮಾಡ್ತಿದ್ನಲ್ಲ!"

"ಒಂದು... ನಿಮಿಷ," ಅವಳು ಬಾಗಿಲಿಗೆ ಆತು ಏದುಸಿರು ಬಿಟ್ಟಳು. "ಉಸಿರು ಬರಲಿ. ಆಮೇಲೆ ಬೈತೀನಿ."

ಅವನು ಸ್ಟೂಲು ಕೊಟ್ಟ, ನೀರು ಕೊಟ್ಟ. ತಲೆ ತಗ್ಗಿಸಿ ತಾನೇ ಮೊದಲು ಮಾತಾಡಿದ. "ನಂದು ಖಾಯಂ ಚೀಲ. ತೆಗೆಯೋಕಾಗಲ್ಲ ಅಂದಿದಾರೆ. ಮುಂದಿನ ಸ್ಕ್ಯಾನಲ್ಲಿ ಏನು ಬರುತ್ತೋ ಅದೂ ಗೊತ್ತಿಲ್ಲ. ನಿಮ್ಮ ಬೆನ್ನು ನೋಡ್ಕೊಂಡು ನಡೆದ್ರೆ ಸಾಕು ಅಂತಿದ್ದೆ. ಪಕ್ಕಕ್ಕೆ ಬರೋ ಯೋಗ್ಯತೆ ನನಗೆಲ್ಲಿದೆ?"

"ನನ್ನ ಸ್ಕ್ಯಾನ್ ಏನು ದೇವರು ಸಹಿ ಹಾಕಿ ಕಳಿಸಿದಾನಾ?" ಅವಳ ದನಿ ಆ ಪುಟ್ಟ ಕೋಣೆಯಲ್ಲಿ ಮೊಳಗಿತು. "ಚೀಲ ನನಗೂ ಇತ್ತು, ಗೊತ್ತಾ? ಆಮೇಲೆ ಕರುಳು ಮತ್ತೆ ಜೋಡಿಸಿದ್ರು. ಅದಿದ್ದಾಗ, ಕೀಮೋಗೂ ಮುಂಚೆ, ಒಂದ್ಸಲ ಕಾರಲ್ಲೇ ಅಂಟು ಬಿಟ್ಟೋಯ್ತು. ಶಿಷ್ಯ ರಿವರ್ಸ್ ತಗೋತಿದ್ದ. ಗಾಡಿಯಿಂದ ಏನೋ ವಾಸನೆ ಬರ್ತಿದೆ ಅಕ್ಕ ಅಂದ. ಕ್ಲಚ್ ಸುಟ್ಟಿದೀಯಾ, ಇಳಿಯೋ ಕೆಳಗೆ ಅಂತ ಅವನಿಗೇ ಬೈದೆ. ಪಾಪ, ಇವತ್ತಿಗೂ ಕ್ಲಚ್ ಮುಟ್ಟೋಕೆ ಹೆದರ್ತಾನೆ."

ಅವನು ನಗಬಾರದೆಂದು ತುಟಿ ಕಚ್ಚಿದ. ಆಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ.

"ಬದುಕೋದು ಎಷ್ಟು ದಿನಾನೋ, ಅದು ಡಾಕ್ಟರಿಗೂ ಗೊತ್ತಿಲ್ಲ," ಅವಳು ಮೆಲ್ಲಗೆ ಹೇಳಿದಳು. "ಹೆದರ್ಕೊಂಡು ಬೇರೆ ಬೇರೆ ಬದುಕೋಕೆ ನಾನು ತಯಾರಿಲ್ಲ. ನನಗೆ ನೀವು ಬೇಕು. ಪಕ್ಕದಲ್ಲಿ."

ಅವನು ಗ್ರೀಸು ಮೆತ್ತಿದ ಕೈ ಚಾಚಿದ. ಅವಳು ಹಿಡಿದಳು. ಇಬ್ಬರ ಬೆರಳಿಗೂ ಸ್ಪರ್ಶ ಸರಿಯಾಗಿ ತಿಳಿಯುತ್ತಿರಲಿಲ್ಲ. ತಿಳಿಯಲೆಂದು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

ಅಂಗಿಯೊಳಗಿಂದ ಮತ್ತೆ ಗುಳುಗುಳು.

"ಅದಕ್ಕೂ ಒಪ್ಪಿಗೆ ಅಂತೆ," ಎಂದಳು.

ತಪಾಸಣೆಯ ದಿನ ಅಣ್ಣ, ಅತ್ತಿಗೆ ಇಬ್ಬರೂ ಅವಳ ಜೊತೆ ಬಂದಿದ್ದರು. ಸಿಸ್ಟರ್ ಅವಳ ಹಾಜರಿ ನೋಡಿ ಸಂತೋಷಪಟ್ಟು, ಬಾಗಿಲ ಬಳಿ ಕಾಯುತ್ತಿದ್ದ ಅವನನ್ನು ಕರೆದರು. ಎಲ್ಲರ ಮುಂದೆ ಹೇಳಲು ಅಡ್ಡಿಯಿದೆಯೇ ಎಂದೂ ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ.

"ನೀವು ಮೊದಲಿದ್ದ ಹಾಗೇ ಇದ್ರಿ ತಾನೇ?"

"ಇಲ್ಲ ಸಿಸ್ಟರ್. ತಪ್ಪದೆ ನಡೆದೆ. ಇವರು ನಡೆದಷ್ಟೂ ನಡೆದೆ. ನನ್ನ ತೆಗೆದುಹಾಕೋದಾದ್ರೆ ತೆಗೆದುಹಾಕಿ."

"ಅವರದ್ದೇನೂ ತಪ್ಪಿಲ್ಲ. ಕೆಡಿಸಿದ್ದು ನಾನು," ಅವಳು ನಡುವೆ ಬಾಯಿ ಹಾಕಿದಳು.

ಸಿಸ್ಟರ್ ಪೆನ್ನು ಕೆಳಗಿಟ್ಟರು. "ಯಾರೂ ಏನೂ ಕೆಡಿಸಿಲ್ಲ. ಯಾವ ಗುಂಪಿಗೆ ಬಿದ್ದಿರೋ ಕೊನೇವರೆಗೂ ಅದರಲ್ಲೇ ನಿಮ್ಮ ಲೆಕ್ಕ, ನೀವು ನಡೆದ್ರೂ ಓಡಿದ್ರೂ. ಮನುಷ್ಯರು ಹೇಳಿದ ಹಾಗೆ ಕೇಳಲ್ಲ ಅಂತ ನಮಗೂ ಗೊತ್ತಿದೆ. ಆದ್ರೆ ಬರ್ಕೋಬೇಕು. ನಡೆಯೋಕೆ ಶುರು ಮಾಡಿದ್ದಕ್ಕೆ ಕಾರಣ?"

ಅವನು ಅಣ್ಣನನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಇವರು ಮುಂದೆ ಹೋಗ್ತಿದ್ರು," ಎಂದ. "ನನಗೆ ಇವರನ್ನ ಕಂಡ್ರೆ ಪ್ರೀತಿ, ಸಿಸ್ಟರ್. ನಿಜ ಹೇಳಬೇಕು ಅಂದಿದ್ರಲ್ಲ."

ಅಣ್ಣ ಕುರ್ಚಿಯಿಂದ ಧಡಕ್ಕನೆ ಎದ್ದ. "ಏನ್ರೀ ಇದು? ಇಬ್ಬರಿಗೂ ಕಾಯಿಲೆ! ನಾಳೆ ಯಾರನ್ನ ಯಾರು ನೋಡ್ಕೋತಾರೆ?"

"ನಾಳೆ ಅವರು ಬಿದ್ರೆ ನಾನು, ನಾನು ಬಿದ್ರೆ ಅವರು. ಇಬ್ಬರೂ ಬಿದ್ರೆ ನೀನಿದೀಯಲ್ಲ," ಅವಳ ದನಿ ನಡುಗಿತು, ಆದರೆ ತಗ್ಗಲಿಲ್ಲ. "ಅಣ್ಣಾ, ನನ್ನ ಬದುಕಿಸೋಕೆ ನೀನು ಪಟ್ಟ ಪಾಡು ಮರೆಯಲ್ಲ. ಆದ್ರೆ ಬದುಕಿಸಿದ ಮೇಲೆ ಬದುಕೋಕೆ ಬಿಡಬೇಕು. ಆ ಗಂಟೆ ನಾನಿನ್ನು ಬಾರಿಸಲ್ಲ."

ಅಣ್ಣ ಏನೋ ಹೇಳಲು ಹೋದ. ಅತ್ತಿಗೆ ಅವನ ತೋಳು ಮುಟ್ಟಿದಳು. "ಸುಮ್ನಿರಿ. ಇವಳ ಮುಖದಲ್ಲಿ ಇಷ್ಟು ರಕ್ತ ನೋಡಿ ಎಷ್ಟು ದಿನ ಆಯ್ತು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿಸ್ಟರ್ ತಲೆಯೆತ್ತದೆ ಬರೆಯುತ್ತಲೇ ಇದ್ದರು. ಅವರ ಕನ್ನಡಕ ಮಾತ್ರ ಮಂಜಾಗಿತ್ತು.

ಹಿಂದಿನ ಗೇಟಿನಿಂದ ಎಲ್ಲರೂ ಹೊರಟರು. ಕಾರಿನಲ್ಲಿ ಬಾ ಎಂದು ಅಣ್ಣ ಕರೆದರೂ ಅವಳು ಕೇಳಲಿಲ್ಲ. ಅವಳನ್ನು ಬಿಟ್ಟು ಹೋಗಲು ಮನಸ್ಸಾಗದೆ ಅಣ್ಣನೂ ನಡೆದೇ ಬಂದ. ಸೇತುವೆಯ ಅರ್ಧ ಹತ್ತುವಷ್ಟರಲ್ಲಿ ಹಿಂದಿನಿಂದ ಜೋರಾಗಿ ಏದುಸಿರು ಕೇಳಿಸಿತು. ಅಭ್ಯಾಸಬಲದಿಂದ ಅವಳು ಜೇಬಿನಿಂದ ಕನ್ನಡಿ ತೆಗೆದಳು. ಕೆಂಪೇರಿದ ಮುಖದ ಅಣ್ಣ, ಅವನ ಕೈ ಹಿಡಿದು ಎಳೆಯುತ್ತಿರುವ ಅತ್ತಿಗೆ.

"ಅಣ್ಣಾ, ಹಿಂದೆ ಬರೋ ಗಾಡಿ ಒಂದೋ ಓವರ್‌ಟೇಕ್ ಮಾಡಬೇಕು, ಇಲ್ಲಾ ದೂರ ಇರಬೇಕು!"

"ಬಾಯ್ಮುಚ್ಕೊಂಡು ನಡಿಯೇ!" ಅಣ್ಣ ಕಂಬಿ ಹಿಡಿದು ಕೂಗಿದ. ಕೂಗಿದವನು ನಿಲ್ಲಲಿಲ್ಲ, ಇನ್ನೊಂದು ಮೆಟ್ಟಿಲು ಹತ್ತಿದ.

ಅವಳು ಕನ್ನಡಿಯನ್ನು ಅತ್ತಿತ್ತ ಸರಿಸಿ ನೋಡಿದಳು. ಇಷ್ಟು ದಿನ ಅದರಲ್ಲಿ ಕುಣಿಯುತ್ತಾ ಬರುತ್ತಿದ್ದ ಆ ಮುಖ ಎಲ್ಲೂ ಇರಲಿಲ್ಲ. ಅವಳು ಕನ್ನಡಿಯನ್ನು ಜೇಬಿಗಿಟ್ಟು, ಪಕ್ಕಕ್ಕೆ ತಿರುಗಿ ನೋಡಿದಳು.